ಹೊಳೆ ದಾಟದ ಕೆಂಪು ಗಾಡಿ

ಮೊಬೈಲಿನ ಬೆಳಕು ಮೀಟರಿನ ಗಾಜಿನ ಮೇಲೆ ಬಿದ್ದಿದೆ, ಹನ್ನೊಂದು ಸಾವಿರದ ನಾನೂರಾ ಆರು, ಗಿರಾಕಿ ಒಂದು ಸಲ ಓದಿದ, ಇನ್ನೊಂದು ಸಲ ಓದಿದ, ಆಮೇಲೆ ಗಾಜಿನ ಮೇಲೆ ಬೆರಳಾಡಿಸಿ ಮತ್ತೆ ಓದಿದ, ಎಷ್ಟು ಒರೆಸಿದರೂ ಅಷ್ಟೇ ಇರುತ್ತದಪ್ಪಾ, ಇಪ್ಪತ್ತೆಂಟು ವರ್ಷದಿಂದ ಒರೆಸಿಕೊಂಡು ಬಂದವನು ನಾನು, ನನಗೆ ಗೊತ್ತು — ಜಮಖಂಡಿಯಿಂದ ಬಂದಿದ್ದಾನೆ, ಶಶಿಕಾಂತ ಅಂತ ಹೆಸರು, ಹಳೇ ಗಾಡಿ ಕೂಡಿಹಾಕುವ ಹುಚ್ಚಂತೆ, ಬಂದಾಗಿನಿಂದ ಬಾನೆಟ್ಟಿಗೆ ಕೈ ಮುಗಿಯುವುದೊಂದು ಬಾಕಿ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಜಪಾನಿನದು, ಕೂಪೆ ಅನ್ನಬೇಕಂತೆ ಇದಕ್ಕೆ, ನಾವು ಕೆಂಪು ಗಾಡಿ ಅಂದೆವು, ತೇರದಾಳದಲ್ಲಿ ಕೆಂಪು ಗಾಡಿ ಅಂದರೆ ನೇಮಿರಾಜ ಸಾವಕಾರರದು, ಅದನ್ನು ನಡೆಸುವವನು ಕಾಮಣ್ಣ, ಆ ಕಾಮಣ್ಣ ನಾನು, ಈಗ ಸಾವಕಾರರು ಹೋಗಿ ಹನ್ನೊಂದು ತಿಂಗಳಾಯಿತು, ಗಾಡಿ ಮಾರಾಟಕ್ಕಿದೆ, ಅವರ ಹೆಂಡತಿ ತ್ರಿಶಲಾ ಅವ್ವಾರು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ, ಗಂಡ ಸತ್ತಾಗಲೇ ಕಣ್ಣೀರು ಹಾಕದವರು ಗಾಡಿ ಹೋಗುವಾಗ ಹಾಕುತ್ತಾರೆಯೇ. ಶಶಿಕಾಂತ ತಲೆ ಹೊರಗೆ ಹಾಕಿದ, ಕಾಕಾ, ಮೀಟರ್ ಖರೇನ ಐತೇನ್ರಿ, ತೊಂಬತ್ತೈದರ ಗಾಡಿ ಬರೇ ಹನ್ನೊಂದ ಸಾವಿರ ಓಡೇತಿ ಅಂದ್ರ ನನ್ನ ದೋಸ್ತರು ನಂಬಂಗಿಲ್ರಿ, ನೀವು ಒಂದ್ ಮಾತ ಹೇಳ್ರಿ. ನನ್ನ ಕೈ ತಾನಾಗಿ ಅಂಗಿಯ ಕಿಸೆಗೆ ಹೋಯಿತು, ಅಲ್ಲಿ ಚಿಕ್ಕ ಚೀಲ, ಅದರೊಳಗೆ ನಮ್ಮ ಮನೆದೇವರು ಬೀರಪ್ಪನ ಭಂಡಾರ, ಅರಿಶಿಣದ ಪುಡಿ ಅಂತ ನೋಡಿದವರು ಅಂದಾರು, ಅದನ್ನು ಮುಟ್ಟಿ ಆಡಿದ ಮಾತನ್ನು ನಮ್ಮವರು ಯಾರೂ ತಿರುಗಿಸಿಲ್ಲ, ತಿರುಗಿಸಿದವರ ಮನೆಯ ಗತಿ ಏನಾಯಿತು ಅಂತ ನಮ್ಮವ್ವ ಹೆಸರು ಹಿಡಿದು ಹೇಳುತ್ತಿದ್ದಳು.

ಮುಂಬೈಗೆ ಅರಿಶಿಣ ಮಾರಲು ಹೋದ ಸಾವಕಾರರು ತೊಂಬತ್ತೇಳರಲ್ಲಿ ಇದನ್ನು ತಂದು ಅಂಗಳದಲ್ಲಿ ನಿಲ್ಲಿಸಿದ್ದರು, ಅವ್ವಾರು ಹಣೆ ಚಚ್ಚಿಕೊಂಡರು, ಈ ವಯಸ್ನ್ಯಾಗ ಇದೇನ್ರೀ ಹುಡುಗಾಟಕಿ, ಕುಣಿದವಳು ಸಿದ್ಧಿ ಒಬ್ಬಳೇ, ಒಬ್ಬಳೇ ಮಗಳು, ಆಗ ಹದಿನೈದು, ಹಿಂದಿನ ಸೀಟಿನಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತು, ಕಾಮಣ್ಣ ಮಾಮಾ, ಇನ್ನಷ್ಟ ಜೋರ ಹೊಡಿ, ಹಿಪ್ಪರಗಿ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳನ್ನು ಒಂದೊಂದಾಗಿ ಹಿಂದೆ ಹಾಕುತ್ತಿದ್ದೆ, ಸಾವಕಾರರು ಸಾಕೋ ಸಾಕೋ ಅನ್ನುತ್ತಲೇ ನಗುತ್ತಿದ್ದರು, ಎರಡು ವರ್ಷ ಅಷ್ಟೇ, ಜೈನ ಮುನಿಗಳು ಚಾತುರ್ಮಾಸಕ್ಕೆ ಬಂದರು, ಸಾವಕಾರರು ಅವರ ಮುಂದೆ ನೇಮ ತೆಗೆದುಕೊಂಡರು, ದಿಗ್ವ್ರತ ಅನ್ನುತ್ತಾರೆ, ನಾಲ್ಕು ದಿಕ್ಕಿಗೆ ನಾಲ್ಕು ಗೆರೆ, ಸಾಯುವ ತನಕ ಆ ಗೆರೆ ದಾಟುವ ಹಾಗಿಲ್ಲ, ಮೂಡಲಿಗೆ ಜಮಖಂಡಿ, ಪಡುವಲಿಗೆ ಕುಡಚಿ, ತೆಂಕಲಿಗೆ ಘಟಪ್ರಭೆ, ಬಡಗಲಿಗೆ ಕೃಷ್ಣೆ, ಮುಗಿಯಿತು, ಮುಂಬೈಯಿಂದ ಹಾರಿ ಬಂದ ಗಾಡಿ ಜಮಖಂಡಿ ಕಾಲೇಜಿಗೆ ಸಿದ್ಧಿಯನ್ನು ಬಿಟ್ಟು ಬರುವ ಗಾಡಿಯಾಯಿತು. ನಮ್ಮ ಬೀರಪ್ಪ ಆಗಿದ್ರ ಒಂದ್ ಕುರಿ ಇಸ್ಕೊಂಡು ಹೋಗ್ಲಿ ಬಿಡು ಅಂತಿದ್ದ ನೋಡ್ರಿ ಅಂದಿದ್ದೆ ಒಮ್ಮೆ, ಕುರಿಯ ಮಾತಿಗೆ ಎರಡೂ ಕಿವಿ ಮುಚ್ಚಿಕೊಂಡರು, ಆದರೂ ನಕ್ಕರು, ಆಗ ಇನ್ನೂ ನಗುತ್ತಿದ್ದರು. ಸಿದ್ಧಿಗೆ ಹತ್ತೊಂಬತ್ತು ಆದಾಗ ಜ್ವರ ಬಂತು, ಮೆದುಳಿಗೆ ಏರಿದೆ ಅಂದರು, ಮಿರಜಿಗೆ ಒಯ್ಯಿರಿ ಅಂದರು, ಮಿರಜ ಇರುವುದು ಕೃಷ್ಣಾ ಹೊಳೆಯ ಆಚೆ, ಆಂಬ್ಯುಲೆನ್ಸಿನ ಬಾಗಿಲು ತೆರೆದೇ ಇತ್ತು, ಅವ್ವಾರು ಒಳಗಿಂದ ಕೈ ಚಾಚಿದರು, ಬರ್ರಿ, ಹತ್ರಿ, ಸಾವಕಾರರು ಮನೆಯ ಕಂಬ ಹಿಡಿದುಕೊಂಡು, ನಡುವ ಹೊಳಿ ಐತಿ ತ್ರಿಶಲಾ, ಅವ್ವಾರು ಚಾಚಿದ ಕೈಯನ್ನು ಎಳೆದುಕೊಂಡರು, ಬಾಗಿಲು ಅವರೇ ಹಾಕಿಕೊಂಡರು.

ನಾಲ್ಕನೇ ದಿನ ನಸುಕಿನಲ್ಲಿ ಸಾವಕಾರರು ಶೆಡ್ಡಿಗೆ ಬಂದರು, ನಾನು ಹಿಂದಿನ ದಿನ ಬಸ್ಸಿಗೆ ಮಿರಜಿಗೆ ಹೋಗಿ ಬಟ್ಟೆ ಕೊಟ್ಟು ಬಂದಿದ್ದೆ, ಅವ್ವಾರು ಅಲ್ಲೂ ದಿನಾ ಹೊತ್ತು ಮೂಡುತ್ತಲೇ ಬಸದಿಗೆ ಹೋಗುತ್ತಾರೆ, ದೇವರ ದರ್ಶನ ಆಗದೆ ಬಾಯಿಗೆ ನೀರು ಹಾಕುವುದಿಲ್ಲ, ಅರ್ಧ ತಾಸು ಹುಡುಗಿಯ ಹತ್ತಿರ ನರ್ಸು ಬಿಟ್ಟರೆ ಯಾರೂ ಇರುವುದಿಲ್ಲ ಅಂತ ನಾನೇ ಹೇಳಿದ್ದೆ, ಅದನ್ನು ಕಿವಿಯಲ್ಲಿ ಇಟ್ಟುಕೊಂಡಿದ್ದಾರೆ, ಮೀಟರ್ ಕೇಬಲ್ ಬಿಚ್ಚು ಅಂದರು, ಯಾಕ್ರಿ, ಬಿಚ್ಚಲೇ ಅಂದ್ರ ಬಿಚ್ಚು, ಗಾಡಿಯ ಕೆಳಗೆ ತೂರಿ ಬಿಚ್ಚಿದೆ, ಇನ್ನು ಎಷ್ಟು ಓಡಿದರೂ ಮೀಟರ್ ತಿರುಗುವುದಿಲ್ಲ, ಆ ಮೀಟರನ್ನು ಓದುವವನು ನಾನೊಬ್ಬ, ಅವರೊಬ್ಬರು, ಯಾರಿಂದ ಮುಚ್ಚಿಡುವುದಿತ್ತೋ. ಹಾರೂಗೇರಿ ದಾಟಿತು, ಕುಡಚಿಯ ಸೇತುವೆ ಕಾಣುತ್ತಲೇ ನಿಲ್ಲಿಸು ಅಂದರು, ಇಳಿದರು, ತಿರುಗಿ ಹೋಗೋಣ ಅನ್ನುತ್ತಾರೆ ಅಂದುಕೊಂಡೆ, ಅಂದಿದ್ದರೆ ಅಲ್ಲೇ ಕೆಲಸ ಬಿಟ್ಟು ನಡೆದುಬಿಡುತ್ತಿದ್ದೆ, ಅಷ್ಟು ಸಿಟ್ಟಿತ್ತು — ಸೇತುವೆಯ ಮೊದಲ ಕಲ್ಲಿನ ಬದಿಗೆ ಹೋಗಿ ಚಪ್ಪಲಿ ಬಿಟ್ಟರು, ಬಾಗಿ ಎರಡನ್ನೂ ಜೋಡಿಸಿದರು, ಮೂತಿ ತೇರದಾಳದ ಕಡೆಗೆ, ಬಸದಿಯ ಮುಂದೆ ಕೂಡ ಅಷ್ಟು ನೀಟಾಗಿ ಬಿಟ್ಟದ್ದನ್ನು ನಾನು ನೋಡಿಲ್ಲ, ನಾ ಇಲ್ಲೇ ನಿಂತೇನಿ ಅಂತ ತಿಳಿ ಕಾಮಣ್ಣ, ಗಾಡಿ ಹೊಡಿ. ಆಸ್ಪತ್ರೆಯ ಫರಶಿಯ ಮೇಲೆ ಅವರ ಬರಿಗಾಲಿನ ಸದ್ದು, ಮಂಚದ ಹತ್ತಿರ ಹೋಗುವುದಕ್ಕೂ ಹೆದರಿ ಬಾಗಿಲಲ್ಲೇ ನಿಂತರು, ಸಿದ್ಧಿ ಕಣ್ಣು ಬಿಟ್ಟಳು, ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು, ಅಪ್ಪಾ, ಚಪ್ಪಲಿ ಎಲ್ಲಿ, ಇವರು ಹೋಗಿ ಅವಳ ತಲೆಯ ಮೇಲೆ ಕೈ ಇಟ್ಟರು, ನಾಳಿ ಮತ್ತ ಬರ್ತೇನಿ ಅಂದರು, ನಾನು ಗೋಡೆಯ ಕಡೆ ಮುಖ ಮಾಡಿದೆ.

ವಾಪಸು ಬರುವಾಗ ಚಪ್ಪಲಿ ಇಟ್ಟಲ್ಲೇ ಇದ್ದವು, ಕಬ್ಬಿನ ಲಾರಿ ಎಬ್ಬಿಸಿದ ಧೂಳು ಅವುಗಳ ಮೇಲೆ, ಝಾಡಿಸದೆ ಮೆಟ್ಟಿಕೊಂಡರು, ಭಂಡಾರ ತಗಿ ಅಂದರು, ನನ್ನ ದೇವರ ಮ್ಯಾಲೆ ಆಣಿ ಇಡು ಅನ್ನಾಕ ನನಗ ಬಾಯಿಲ್ಲೋ, ನಿನ್ನ ದೇವರ ಮ್ಯಾಲೆ ಇಡು, ಯಾರಿಗೂ ಹೇಳಂಗಿಲ್ಲ, ಇಟ್ಟೆ, ಹೆಂಡತಿ ಸತ್ಯವ್ವನಿಗೂ ಹೇಳಿಲ್ಲ ಇವತ್ತಿನ ತನಕ. ಮರುದಿನ ಅವರು ಹೋಗುವುದಾಗಲಿಲ್ಲ, ಬೆಳಗಾಗುವಷ್ಟರಲ್ಲಿ ಸಿದ್ಧಿಯೇ ಹೋಗಿದ್ದಳು. ಮಣ್ಣಿಗೆ ಬಂದ ಜನ ಸಾವಕಾರರ ಕಾಲು ಮುಟ್ಟಿದರು, ಮಗಳ ಜೀವ ಹೋದ್ರೂ ನೇಮಾ ಬಿಡಲಿಲ್ಲ, ನೇಮಾ ಅಂದ್ರ ನೇಮಿರಾಜಂದು, ಅವರು ನೆಲ ನೋಡುತ್ತ ನಿಂತಿದ್ದರು, ಆಮೇಲೆ ಈ ಗಾಡಿಯಲ್ಲಿ ಒಂದು ದಿನವೂ ಕೂತಿಲ್ಲ, ವಾರಕ್ಕೊಮ್ಮೆ ನಾನು ಸ್ಟಾರ್ಟ್ ಮಾಡಿ, ಅಂಗಳದ ತನಕ ತಂದು, ಮತ್ತೆ ಒಳಗೆ ಇಡುವುದು. ಅವ್ವಾರು ಅಡುಗೆ ಮಾಡಿದರು, ಬಡಿಸಿದರು, ಔಷಧ ಕೊಟ್ಟರು, ಗಂಡನ ಜೊತೆ ಮಾತಾಡಲಿಲ್ಲ, ಇಪ್ಪತ್ಮೂರು ವರ್ಷ, ಹೂಂ ಉಹೂಂ ಬಿಟ್ಟರೆ ಒಂದು ಮಾತಿಲ್ಲ, ಒಮ್ಮೆ ತಡೆಯಲಾರದೆ, ಹೇಳಿಬಿಡ್ರಿ ಸಾವಕಾರ್ರ, ಊರು ಏನರ ಅನ್ಲಿ ಅಂದೆ, ಊರ ಹೆದರಿಕಿ ಅಲ್ಲೋ, ಹೇಳಿದ್ರ ಆಕಿ ಮಾಫಿ ಮಾಡಿಬಿಡ್ತಾಳ, ನೇಮಾ ಮುರದಾವಗ ಇಷ್ಟರ ಶಿಕ್ಷಾ ಇರಲಿ ಅಂದರು. ಶಿಕ್ಷೆ ಅವರಿಗಂತೆ! ಅದನ್ನು ಅವ್ವಾರ ಆಯುಷ್ಯದಲ್ಲಿ ತೀರಿಸಿದರು, ದೊಡ್ಡ ಮನುಷ್ಯ, ಒಳ್ಳೇ ಮನುಷ್ಯ, ನಾನು ಅನ್ನ ಉಂಡ ಮನೆ, ಆದರೂ ಆ ಮಾತಿಗೆ ನಾನು ಅವರನ್ನು ಇನ್ನೂ ಮಾಫಿ ಮಾಡಿಲ್ಲ.

ಕಾಕಾ, ಶಶಿಕಾಂತ ಮತ್ತೆ ಕರೆದ, ಹೇಳ್ರಿ, ಖರೇನ? ಅವನಿಗೆ ನಾನಲ್ಲ, ಅವ್ವಾರು ಹೇಳಿದರು, ಖರೇನ ಐತೆಪಾ, ಚಿಂತಿ ಮಾಡಬ್ಯಾಡ, ನಮ್ಮನಿಯವರು ನೇಮಾ ಹಿಡದಿದ್ರು, ಮಗಳು ಮಿರಜ್ಯಾಗ ಸಾಯಾಕತ್ತಿದ್ಲು, ಆಗೂ ಹೊಳಿ ದಾಟಲಿಲ್ಲ, ಮತ್ತ ಎಲ್ಲಿಗೆ ದಾಟಿದ್ದೀತು ಈ ಗಾಡಿ, ಸಂತೆಯಲ್ಲಿ ಬದನೆಕಾಯಿ ತೋರಿಸುವ ಹಾಗೆ ಅಂದರು ಅದನ್ನು, ಧ್ವನಿ ಏರಲಿಲ್ಲ ಇಳಿಯಲಿಲ್ಲ, ಆ ಹನ್ನೊಂದು ಸಾವಿರದ ನಾನೂರಾ ಆರು ಅವರ ಸಿಟ್ಟಿನ ಸಾಕ್ಷಿ ಅಂತ ನನಗೆ ಆಗ ಹೊಳೆಯಿತು, ಈಗ ಈ ಸುಳ್ಳು ಗಾಡಿಯ ಜೊತೆ ಜಮಖಂಡಿಗೆ ಹೋಗುತ್ತದೆ, ಅವ್ವಾರು ಅದನ್ನೇ ನಂಬಿಕೊಂಡು ಒಂದು ದಿನ ಕಣ್ಣು ಮುಚ್ಚುತ್ತಾರೆ, ಬೀರಪ್ಪಾ, ಶಾಪ ಕೊಡುವುದಾದರೆ ನನಗೊಬ್ಬನಿಗೆ ಕೊಡು, ಮೊಮ್ಮಕ್ಕಳ ತಂಟೆಗೆ ಬರಬೇಡ — ಮೀಟರ್ ಖರೆ ಅಲ್ರಿ, ಅಂದೆ. ಶಶಿಕಾಂತ ಗಾಡಿಯಿಂದ ಇಳಿದ, ಎಷ್ಟ ಫರಕ್ ಐತ್ರಿ? ನೂರಾ ಮೂವತ್ತ ಕಿಲೋಮೀಟರ್, ಕೇಬಲ್ ಬಿಚ್ಚಿದ್ದೆ, ಅವನು ಜೋರಾಗಿ ನಕ್ಕ, ನೂರಾ ಮೂವತ್ತ? ಏನ್ ಕಾಕಾ, ಹೆದರಿಸಿಬಿಟ್ರಿ. ಅವ್ವಾರು ನಗಲಿಲ್ಲ, ಕುರ್ಚಿಯ ಕೈ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು, ತೇರದಾಳದಿಂದ ಮಿರಜಿಗೆ ಎಷ್ಟು ದೂರ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಯಾವತ್ತ ಕಾಮಣ್ಣ ಅಂದರು, ನಾಲ್ಕನೇ ದಿನ್ರಿ ಅವ್ವಾರ, ನೀವು ಬಸದಿಗೆ ಹೋಗಿದ್ರಿ, ಸಾವಕಾರ್ರು ಬಂದಿದ್ರು, ಸಿದ್ಧಿ ನೋಡಿದ್ಲು. ಈಗ ಅತ್ತುಬಿಡಲಿ, ಹಗುರಾಗಲಿ, ಅದಕ್ಕೇ ಅಲ್ಲವೇ ನಾನು ಆಣೆ ಮುರಿದದ್ದು, ಅಳಲಿಲ್ಲ, ಆಕಿ ಹೇಳಿದ್ಲೋ ಕಾಮಣ್ಣ ಅಂದರು, ನಾ ಬಸದಿಯಿಂದ ಬಂದ ಕೂಡ್ಲೆ ಹೇಳಿದ್ಲು, ಅವ್ವಾ, ಅಪ್ಪ ಬಂದಿದ್ರು, ಬರಿಗಾಲಾಗ ಬಂದಿದ್ರು, ನಾ ಜ್ವರಾ ತಲಿಗೇರೇತಿ ಅಂದೆ, ನಿಮ್ಮಪ್ಪ ಬರೂ ಪೈಕಿ ಅಲ್ಲ, ಸುಳ್ಳ ಹೇಳಬ್ಯಾಡ, ಸುಮ್ಮನ ಮಲ್ಕೋ ಅಂತ ಗದರಿಸಿದೆ, ಮಲ್ಕೊಂಡ್ಲು, ಮತ್ತ ಮಾತಾಡಲಿಲ್ಲ. ಅಯ್ಯೋ ಸಾವಕಾರ್ರ, ಇದು ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಶಶಿಕಾಂತನ ನಗು ನಿಂತಿದೆ, ಅವ್ವಾರು ಇನ್ನೊಂದು ಕೇಳುತ್ತಿದ್ದಾರೆ, ಚಪ್ಪಲಿ ಎಲ್ಲಿ ಬಿಟ್ಟಿದ್ರು, ಹೇಳಬೇಕು, ಕುಡಚಿಯ ಸೇತುವೆ, ಈಚೆ ದಂಡೆ, ಮೊದಲ ಕಲ್ಲಿನ ಬದಿಗೆ ಜೋಡಿಸಿಟ್ಟ ಎರಡು ಚಪ್ಪಲಿ, ಮೂತಿ ಊರ ಕಡೆಗೆ, ಮೇಲೆ ಧೂಳು, ಎರಡು ಚಪ್ಪಲಿ