ಇನಾಸನ ನೀಲಿ ಅಂಗಿ

ನಾನು ಒಂದು ಕೌದಿ. ನನ್ನನ್ನು ಹೊಲಿಯಲು ತಗುಲಿದ್ದು ಆನ್ಮರಿಯ ಎರಡು ಹಳೆಯ ಸೀರೆ, ಮಗಳಿಗೆ ಗಿಡ್ಡವಾದ ಲಂಗಗಳು, ದಾರದುಂಡೆ, ಒಂದಿಡೀ ಬೇಸಿಗೆಯ ಮಧ್ಯಾಹ್ನಗಳು. ಜೊತೆಗೆ ಅವಳ ಗಂಡ ಇನಾಸನ ನೀಲಿ ಅಂಗಿ. ಎಲ್ಲಕ್ಕಿಂತ ದುಬಾರಿಯಾದದ್ದು ಅದೇ. ನೆಲಕ್ಕಾಗಿ ನಡೆದ ಮೆರವಣಿಗೆಯಲ್ಲಿ ಲಾಠಿ ಬಿದ್ದು ಅದರ ಬೆನ್ನು ಹರಿದಿತ್ತು.

ಇವರು ಹಳಿಯಾಳದ ಕಾಡಂಚಿನ ಸಿದ್ದಿಗಳು. ಆಫ್ರಿಕಾದಿಂದ ಬಂದ ಹಿರಿಯರ ಮಕ್ಕಳು. ಇಲ್ಲೇ ಹುಟ್ಟಿದರೂ ಯಾವ ದೇಶದವರೆಂದು ಕೇಳಿಸಿಕೊಂಡು ಸಾಕಾದವರು. ಉಳುವ ನೆಲ ತಮ್ಮದಾಗಬೇಕೆಂದು ಕಚೇರಿಯೆದುರು ಧರಣಿ ಕೂತಾಗ ನನ್ನನ್ನೇ ಹಾಸಿದರು. ನನ್ನ ಮೇಲೆ ಹಾಡಿದರು, ಜಗಳಾಡಿದರು, ನಿದ್ದೆ ಹೋದರು. ನೆಲ ಸಿಕ್ಕಿತು. ಅದನ್ನು ತನ್ನದೆಂದು ಉಳುವಷ್ಟು ದಿನ ಇನಾಸ ಬದುಕಲಿಲ್ಲ.

ಸಿದ್ದಿಗಳ ಹೋರಾಟ ಮತ್ತು ಕಲೆಯ ಪ್ರದರ್ಶನಕ್ಕೆಂದು ಪಟ್ಟಣದ ಶಾಲಿನಿ ಮೇಡಂ ನನ್ನನ್ನು ಒಯ್ದರು. ಅಲ್ಲಿನ ವಸ್ತುಸಂಗ್ರಹಾಲಯದ ಗೋಡೆಗೆ ನೇತುಹಾಕಿದರು. ನಾನು ಅಲ್ಲೇ ಉಳಿಯಲಿ ಎಂದು ಆಮೇಲೆ ಹೇಳಿಕಳಿಸಿದರು. ಬಸುರಿ ಮಗಳು ಫಿಲ್ಲು ಒಪ್ಪಿದಳು. ಹುಟ್ಟುವ ಮಗು ಅಜ್ಜನ ಅಂಗಿಯ ಮೇಲೆ ಮಲಗಬೇಕೆಂದಿದ್ದ ಆನ್ಮರಿ ಒಪ್ಪಲಿಲ್ಲ. ನನ್ನನ್ನು ಒಯ್ಯಲು ಮಗಳನ್ನು ಕರೆದುಕೊಂಡು ತಾನೇ ಬಂದಳು.

"ನಿಮ್ಮ ಗ್ವಾಡಿಗೆ ಚಳಿ ಆಕ್ಕತೇನ್ರೀ?" ಎಂದು ಮೇಡಂಗೆ ಕೇಳಿದಳು.

"ಅವ್ವಾ, ಮನ್ಯಾಗಿದ್ರ ಇದನ್ನ ನೋಡವ್ರು ನಾವಿಬ್ಬರ. ಇಲ್ಲಿ ಊರಿಗೂರ ನೋಡ್ತೈತಿ," ಎಂದಳು ಫಿಲ್ಲು.

ಆನ್ಮರಿ ಅಡ್ಡ ಕಟ್ಟಿದ್ದ ಹಗ್ಗ ದಾಟಿ ನನ್ನ ಕೆಳಗೆ ಕೂತಳು. ನೀಲಿ ತುಂಡಿನ ಅಂಚಿಗೆ ಬಾಯಿ ಹಾಕಿ ಹಲ್ಲಿನಿಂದ ಹೊಲಿಗೆ ಕಡಿದಳು.

"ಏ ಅಮ್ಮಾ! ಮುಟ್ಟಬ್ಯಾಡ್ರಿ!" ಕಾವಲುಗಾರ ಓಡಿಬಂದು ಅವಳ ಭುಜ ಹಿಡಿದ.

"ಮೊದಲ ಕೈ ತಗೀರಿ!" ಫಿಲ್ಲು ಹೊಟ್ಟೆ ಹಿಡಿದುಕೊಂಡೇ ನಡುವೆ ನುಗ್ಗಿದಳು. ನೋಡಲು ಬಂದಿದ್ದವರು ಹಿಂದೆ ಸರಿದರು. ಅವನ ಕೈ ಸಡಿಲವಾಗಲಿಲ್ಲ, ಆನ್ಮರಿಯ ಹಲ್ಲೂ ದಾರ ಬಿಡಲಿಲ್ಲ.

"ಬಿಡಪ್ಪಾ, ಅವರನ್ನ," ಎಂದರು ಮೇಡಂ.

ಆನ್ಮರಿ ಬಾಯಿಂದ ದಾರ ತೆಗೆದಳು. "ಕೌದಿ ನೀವ ಇಟ್ಕೊಳ್ರಿ. ನಮ್ಮ ಕಥಿ ಮಂದಿಗೆ ತಿಳೀಲಿ. ಅಂಗಿ ಮಾತ್ರ ನನ್ನ ಮೊಮ್ಮಗುಂದು."

"ಬರಿದಾದ ಜಾಗ ಕಾಣಿಸ್ತದಲ್ಲಮ್ಮಾ?" ಎಂದರು ಮೇಡಂ.

"ಕಾಣ್ಲಿ. ಯಾರರ ಕೇಳಿದ್ರ ಇನಾಸನ ಹೆಸರು ಹೇಳ್ರಿ."

ಮೇಡಂ ಕತ್ತರಿ ತರಿಸಿಕೊಟ್ಟರು.

ಈಗ ನನಗೆ ವಯಸ್ಸಾಗಿದೆ, ದಾರ ಜಾಳಾಗಿದೆ. ಬಂದವರು ಮೊದಲು ಆ ಬರಿದಾದ ಜಾಗವನ್ನೇ ತೋರಿಸಿ ಕೇಳುತ್ತಾರೆ, ಇನಾಸನ ಹೆಸರು ಕೇಳಿಕೊಂಡು ಹೋಗುತ್ತಾರೆ. ನನ್ನ ಮೇಲೆ ಈಗ ಯಾರೂ ಮಲಗುವುದಿಲ್ಲ. ಮಗುವಿಗೆ ಅಜ್ಜನ ಅಂಗಿ ಸಿಕ್ಕಿತು. ನನಗೆ ಮನೆ ತಪ್ಪಿತು.