ಅಜ್ಜಿ ಓದುತ್ತಿದ್ದ ಸ್ಲೇಟು

ಆಕೆ 'ಸೋಲ್' ಎಂಬ ಪಾಶ್ಚಾತ್ಯ ಸಂಗೀತದ ಗಾಯಕಿ. ಎದೆಯಲ್ಲಿರುವುದನ್ನೆಲ್ಲ ಬಗೆದು ತೆಗೆದು ಹಾಡುವವರಿಗೆ ಗಂಟಲೇ ಬಂಡವಾಳ. ಹಾಗಾಗಿ ಕಾರ್ಯಕ್ರಮಕ್ಕೆ ಎರಡು ದಿನ ಮೊದಲೇ ಮನೆಯಲ್ಲಿ ಬಾಯಿಗೆ ಬೀಗ. ಹೇಳಬೇಕಾದ್ದನ್ನು ಸ್ಲೇಟಿನ ಮೇಲೆ ಬರೆದು ಮಗಳ ಕೈಗೆ ಕೊಡುತ್ತಿದ್ದಳು. ವಾರಕ್ಕೆರಡು ಕಾರ್ಯಕ್ರಮವಿದ್ದರೆ ಮನೆಯವರ ಪಾಲಿಗೆ ಉಳಿಯುವ ಮಾತೆಷ್ಟು, ನೀವೇ ಹೇಳಿ. ಅವಳ ದನಿ ಕೇಳಿ ಸಭೆಗೆ ಸಭೆಯೇ ಕಣ್ಣೊರೆಸಿಕೊಳ್ಳುತ್ತಿತ್ತು. ಮಗಳಿಗೆ ಸಿಕ್ಕಿದ್ದು ಬಳಪದ ಕಿರಕಿರ.

ಪುಟ್ಟಿಗೆ ಆಗಿನ್ನೂ ಓದು ಬರುತ್ತಿರಲಿಲ್ಲ. ಸ್ಲೇಟು ಹಿಡಿದು ಮನೆಯ ಹಿಂಬದಿಯ ಅಡುಗೆಮನೆಗೆ ಓಡುತ್ತಿದ್ದಳು. ಅಲ್ಲಿ ಅಜ್ಜಿ, ಅಂದರೆ ಗಾಯಕಿಯ ಅತ್ತೆ, ಕೈ ಒರೆಸಿಕೊಂಡು ಓದಿ ಹೇಳುತ್ತಿದ್ದರು. ಗಂಡನೆನಿಸಿಕೊಂಡವನು ಮನೆ ಬಿಟ್ಟು ಹೋದಾಗ "ಹೋದ್ರೆ ಹೋಗ್ಲಿ ಬಿಡು, ನಾನಿದೀನಲ್ಲ" ಎಂದು ಸೊಸೆಯ ಬಳಿಯೇ ಉಳಿದ ಹೆಂಗಸು ಆಕೆ. ಹುಡುಗಿ ನಗುನಗುತ್ತ ಬಂದು ಅಮ್ಮನ ಕೋಣೆಯ ಬಾಗಿಲು ಹಾಕುತ್ತಿದ್ದಳು. ಹೇಳಿದ ಮಾತು ಕೇಳುವ ಮಗು ಎಂದು ತಾಯಿಗೆ ಹೆಮ್ಮೆ.

ಹೋದ ತಿಂಗಳು ಅತ್ತೆ ಕೂತಲ್ಲೇ ತೀರಿಕೊಂಡರು. ಅಷ್ಟರಲ್ಲಿ ಪುಟ್ಟಿ ಅಕ್ಷರ ಕೂಡಿಸಿ ಓದಲು ಕಲಿತಿದ್ದಳು.

ಇವತ್ತು ಸಂಜೆ, ಅತ್ತೆ ಹೋದ ಮೇಲೆ ಮೊದಲ ಸಲ, ದೊಡ್ಡ ಕಾರ್ಯಕ್ರಮ. ಮಧ್ಯಾಹ್ನ ಗಾಯಕಿ ಎಂದಿನಂತೆ ಗೀಚಿ ಕೊಟ್ಟಳು. ಪುಟ್ಟಿ ಬಾಗಿಲಲ್ಲೇ ನಿಂತು, ಬೆರಳಿಟ್ಟು ಓದಿದಳು: "ಗಲಾಟೆ ಬೇಡ. ಬಾಗಿಲು ಹಾಕು."

ಸ್ಲೇಟು ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಇಷ್ಟೇನಾ ಅಮ್ಮಾ? ಅಜ್ಜಿ ಓದ್ದಾಗ ತುಂಬಾ ಇರ್ತಿತ್ತು. 'ನನ್ನ ಚಿನ್ನ, ನಿನ್ನ ಬಿಟ್ಟು ಹೋಗೋಕೆ ಮನಸ್ಸೇ ಬರಲ್ಲ, ಒಂಚೂರು ಬಾಗಿಲು ಹಾಕ್ಕೊಂಡು ಆಡ್ಕೊ ಕಂದಾ' ಅಂತ. ಈಗ್ಯಾಕೆ ಹಂಗೆ ಬರಿಯಲ್ಲ?"

ಅಂಥ ಒಂದು ಸಾಲನ್ನೂ ಗಾಯಕಿ ಯಾವತ್ತೂ ಬರೆದವಳಲ್ಲ. ಮೂರು ವರ್ಷ ಅತ್ತೆ ಅವಳ ಹೆಸರಿನಲ್ಲಿ ಮಗುವನ್ನು ಮುದ್ದಿಸಿದ್ದರು, ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

ಸ್ಲೇಟು ಕಸಿದುಕೊಂಡು, ಅಂಗೈಯಲ್ಲೇ ಒರೆಸಿ ಬರೆದಳು: "ನನ್ನ ಚಿನ್ನ."

ಪುಟ್ಟಿ ಓದಿದಳು. "ಇದು ಅಜ್ಜಿದು" ಎಂದಳು.

ಗಾಯಕಿಗೆ ತಡೆಯಲಾಗಲಿಲ್ಲ. ಕಾರ್ಯಕ್ರಮ ಹಾಳಾಗಿ ಹೋಗಲಿ. "ಪುಟ್ಟೀ, ಬಾ ಇಲ್ಲಿ..."

ಮಗು ಬೆಚ್ಚಿಬಿದ್ದು ಓಡಿಬಂದು ಅಮ್ಮನ ಬಾಯಿಯ ಮೇಲೆ ಅಂಗೈ ಒತ್ತಿತು.

"ಮಾತಾಡ್ಬೇಡ. ಗಂಟ್ಲು ಕೆಡುತ್ತೆ."

ಹಾಗೆಂದು, ಸ್ಲೇಟನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು ಹೊರಗೆ ಹೋಗಿ, ಸದ್ದಾಗದಂತೆ ಬಾಗಿಲು ಹಾಕಿಕೊಂಡಳು.