ಗೌಜಲಕ್ಕಿಗೆ ಕನ್ನಡಿಯಂಥ ನೀರು

ಒಂದು ಡಬ್ಬಿ ಪ್ರೋಬಯೋಟಿಕ್ ಪುಡಿಗೆ ಒಂದು ಮೂಟೆ ಹಕ್ಕಿ ಫೀಡ್‌ನ ಬೆಲೆ. ಆಂಟಿಬಯೋಟಿಕ್ ಅದರ ಅರ್ಧಕ್ಕೇ ಸಿಗುತ್ತದೆ. ಸತ್ತ ಮರಿಗೆ ಬೆಲೆಯೇ ಇಲ್ಲ, ಹೂಳುವ ಗುಂಡಿಯನ್ನೂ ನಾವೇ ತೋಡಬೇಕು. ಈ ಲೆಕ್ಕವನ್ನು ನನ್ನ ಮೈದುನ ದಿನಾ ಊಟದ ಜೊತೆ ಬಡಿಸುತ್ತಿದ್ದ.

ನನ್ನ ಗಂಡ ತೀರಿಹೋದ ಮೇಲೆ ಗೌಜಲಕ್ಕಿ ಶೆಡ್ಡನ್ನು ನಾವಿಬ್ಬರೇ ನೋಡಿಕೊಳ್ಳುತ್ತಿದ್ದೆವು. ನೀರು, ಶುಚಿ ಅವನದು. ಫೀಡ್ ನನ್ನದು. ಮರಿಗಳು ಮುಷ್ಟಿಯಷ್ಟಾಗುವ ಮೊದಲೇ ಭೇದಿ ಹತ್ತಿ ಬಾಡುತ್ತಿದ್ದವು. ಔಷಧಿ ಹಾಕಿದರೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಅದೇ. ಬೇಸತ್ತು ಪ್ರೋಬಯೋಟಿಕ್ ಪುಡಿ ತಂದೆ. ಅದರಲ್ಲಿದ್ದದ್ದು ಮೊಸರಿನಲ್ಲಿರುವಂಥ ಜೀವಾಣುಗಳು. ಒಳ್ಳೆಯವು ಹೊಟ್ಟೆಯಲ್ಲಿ ಬೀಡುಬಿಟ್ಟರೆ ಕೆಟ್ಟವಕ್ಕೆ ಜಾಗ ಸಿಗುವುದಿಲ್ಲ. ನೀರಿಗೆ ಬೆರೆಸಿ ಒಂದು ಬ್ಯಾಚ್ ಪೂರ್ತಿ ಕೊಟ್ಟೆ. ಭೇದಿ ನಿಲ್ಲಲಿಲ್ಲ.

"ಅತ್ತಿಗೆ, ಇನ್ನು ಹಕ್ಕಿಗೆ ತೊಟ್ಟಿಲು ಕಟ್ಟಿ ಲಾಲಿ ಹಾಡೋದೊಂದು ಬಾಕಿ," ಎಂದ ಮೈದುನ. "ಮುಂದಿನ ಬ್ಯಾಚೂ ಹೀಗಾದ್ರೆ ಪಂಜರ ಮಾರಿ ಕೈ ತೊಳ್ಕೊಳ್ಳೋಣ."

ಅತ್ತೆ ಹೌದೆಂದು ತಲೆಯಾಡಿಸಿದರು. ಶೆಡ್ಡು ಅವರ ಹೆಸರಿನಲ್ಲಿತ್ತು. ಅದು ಹೋದರೆ ನಾನು ಆ ಮನೆಯಲ್ಲಿ ಅನ್ನ ಬೇಡುವವಳಾಗುತ್ತಿದ್ದೆ.

ಹೊಸ ಮರಿ ಬಂದ ಬೆಳಿಗ್ಗೆ ಮೈದುನ ನೀರಿನ ತೊಟ್ಟಿಗೆ ಕ್ಲೋರಿನ್ ಮಾತ್ರೆ ಹಾಕಿ ಕೋಲಿನಿಂದ ಕದಡುತ್ತಿದ್ದ.

"ನೋಡಿ, ಕನ್ನಡಿ ಥರ ನೀರು. ಒಂದು ಕ್ರಿಮಿ ಉಳಿಯಲ್ಲ."

ನಾನು ಕೊಡ ಕೆಳಗಿಟ್ಟೆ. "ಒಂದೂ ಉಳಿಯಲ್ವಾ?"

"ಬಿಲ್‌ಕುಲ್ ಇಲ್ಲ!"

"ಹಾಗಾದ್ರೆ ನನ್ನ ಡಬ್ಬೀಲಿರೋ ಒಳ್ಳೇ ಕ್ರಿಮಿಗಳನ್ನೂ ನೀನೇ ಕೊಂದಿದ್ದೀಯ, ಮಾರಾಯ."

ಅವನ ಮುಖ ಬಿಗಿಯಿತು. "ಎಲ್ಲಾ ನನ್ನ ತಲೆಗೇ ಕಟ್ಟಿ. ಮಾತ್ರೆ ಮಾತ್ರ ನಿಲ್ಸಲ್ಲ."

"ನಿಲ್ಲಿಸಬೇಡ. ನೀರು ನಿಂದು, ಫೀಡ್ ನಂದು."

ಅಂದಿನಿಂದ ಪುಡಿಯನ್ನು ನೀರಿಗೆ ಹಾಕದೆ ಒಣ ಫೀಡ್‌ಗೇ ಬೆರೆಸಿದೆ. ಮೊದಮೊದಲು ಕೆಲವು ಮರಿ ಮಂಕಾದವು. ಅವನು ಆಂಟಿಬಯೋಟಿಕ್ ಬಾಟಲಿ ಹಿಡಿದು ಬಂದೇಬಿಟ್ಟ. ನಾನು ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತೆ.

"ದಾರಿ ಬಿಡಿ ಅತ್ತಿಗೆ."

"ಅದನ್ನ ಹಾಕಿದ್ರೆ ಒಳ್ಳೇವೂ ಸಾಯ್ತವೆ. ದಾಟ್ಕೊಂಡು ಹೋಗು ನೋಡೋಣ."

ಅತ್ತೆ ಹಿಂದಿನಿಂದ ಬಂದರು. "ಹಠ ಬೇಡಮ್ಮ."

"ಹಠಾನೇ ಅತ್ತೆ. ಈ ಬ್ಯಾಚ್ ಹೋದ್ರೆ ಪಂಜರಗಳನ್ನ ನಾನೇ ತಲೆ ಮೇಲೆ ಹೊತ್ತು ಮಾರ್ಕೊಂಡು ಬರ್ತೀನಿ. ಅಲ್ಲೀವರೆಗೆ ಈ ಬಾಗಿಲೊಳಗೆ ಬಾಟಲಿ ಬರಲ್ಲ."

ಅವನು ಬಾಟಲಿಯನ್ನು ಮೆಟ್ಟಿಲ ಮೇಲೆ ಕುಕ್ಕಿ ಹೋದ. ನಾನು ಮಂಕಾದ ಮರಿಗಳನ್ನು ಬೇರೆ ಮಾಡಿ ಬಲ್ಬಿನ ಕೆಳಗೆ ಬೆಚ್ಚಗಿಟ್ಟೆ.

ಬರಬರುತ್ತಾ ಪಂಜರದ ಕೆಳಗಿನ ತಟ್ಟೆಯಲ್ಲಿ ಹಿಕ್ಕೆ ಗಟ್ಟಿಯಾಯಿತು, ವಾಸನೆ ಇಳಿಯಿತು. ಒಂದು ದಿನ ಅತ್ತೆ ಒಂದು ಹಕ್ಕಿಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು.

"ಕೈಗೆ ಭಾರ ಹತ್ತುತ್ತೆ ಕಣೇ," ಎಂದರು. ಪಂಜರ ಮಾರುವ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ.

ಬೇರೆಯಿಟ್ಟ ಮರಿಗಳಲ್ಲಿ ಹೆಚ್ಚಿನವು ಸತ್ತವು. ಉಳಿದವೆಲ್ಲ ಹಿಂದಿನ ಬ್ಯಾಚಿಗಿಂತ ಕಡಿಮೆ ಫೀಡ್ ತಿಂದು ಹೆಚ್ಚು ತೂಗಿದವು. ಮೈದುನ ನನ್ನ ಜೊತೆ ಮಾತು ಬಿಟ್ಟ, ನೀರಿನ ಕೆಲಸ ಬಿಡಲಿಲ್ಲ. ಶೆಡ್ಡು ಉಳಿಯಿತು.